ಗುಂಡ ತಿಂದ ಪ್ರಸಾದ

ಸ್ವೀಡನ್ನಿನ ವೆಸ್ಟೆರಾಸ್ ಊರಿನ ಕನ್ನಡದವರ ಪೈಕಿ ಯಾರ ಮನೆಗೆ ನಾಯಿಮರಿ ಬಂದರೂ ಮೊದಲ ಫೋನು ಹೋಗುವುದು ಪಶುವೈದ್ಯರಿಗಲ್ಲ, ಅನಂತಕೃಷ್ಣರಿಗೆ. ನೀವು ಒಂದು ಪ್ರಶ್ನೆ ಕೇಳಿದರೆ ಅವರು ಐದಕ್ಕೆ ಉತ್ತರ ಕೊಡುತ್ತಾರೆ. ಉಳಿದ ನಾಲ್ಕನ್ನು ನೀವೇ ಕೇಳಬೇಕಾಗಿತ್ತು, ಕೇಳಲಿಲ್ಲ ಎನ್ನುವ ಆಕ್ಷೇಪಣೆ ಅದರೊಳಗೇ ಸೇರಿರುತ್ತದೆ. ಲಸಿಕೆ ಹಾಕಿಸಿದಿರಾ, ಗುರುತಿನ ಚಿಪ್ ಹಾಕಿಸಿದಿರಾ, ವಿಮೆ ಮಾಡಿಸಿದಿರಾ, ಇಲ್ಲವಾ, ಏನ್ರೀ ನೀವು! ಮಾತು ಒರಟು, ನಿಜ. ಆದರೆ ಮಾರನೆಯ ದಿನ ಬೆಳಿಗ್ಗೆ ಅವರೇ ಸೈಕಲ್ ಹತ್ತಿ ಬಂದು, ಮರಿಯನ್ನು ಮಡಿಲಲ್ಲಿ ಮಲಗಿಸಿಕೊಂಡು, ಕಿವಿಯ ಒಳಗೆ ಮೂಗಿಟ್ಟು ಮೂಸಿ ನೋಡಿ, ‘ಇನ್‌ಫೆಕ್ಷನ್ ಇಲ್ಲ, ಭಯ ಪಡಬೇಡಿ’ ಎಂದು ಹೇಳಿ ಹೋಗುತ್ತಾರೆ. ನಾಯಿಯ ಕಿವಿ ಮೂಸುವ ಮೈಸೂರಿನ ಸ್ಮಾರ್ತ ಬ್ರಾಹ್ಮಣರನ್ನು ನೀವು ಬೇರೆಲ್ಲಾದರೂ ಕಂಡಿದ್ದರೆ ಹೇಳಿ.

ಐವತ್ತು ದಾಟಿದ ಈ ಮನುಷ್ಯನ ಉದ್ಯೋಗ ವಿದ್ಯುತ್ ಲೈನುಗಳಿಗೆ ಕಾವಲು ಕಾಯುವ ರಿಲೇಗಳದ್ದು. ಎಲ್ಲೋ ಕಾಡಿನ ನಡುವೆ ಮರ ಉರುಳಿ ತಂತಿಯ ಮೇಲೆ ಬಿತ್ತು ಎನ್ನಿ. ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗುವ ಮುಂಚೆಯೇ ಅದನ್ನು ಗುರುತಿಸಿ ಲೈನು ಕತ್ತರಿಸಿಬಿಡುವ ಪೆಟ್ಟಿಗೆ ಅದು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಲಿತ ಈ ವಿದ್ಯೆ ಅವರನ್ನು ಸ್ವೀಡನ್ನಿಗೆ ಕರೆತಂದಿತು. ವಿದ್ಯೆ ತಲೆಗೆ ಎಷ್ಟು ಹತ್ತಿದೆ ಎಂದರೆ ಮನೆಯಲ್ಲಿ ಹಾಲು ಉಕ್ಕಿದರೂ ಹೆಂಡತಿ ಮೀರಾಗೆ ಅವರು ಹೇಳುವುದು, ‘ಉಕ್ಕಿದ ಮೇಲೆ ಆಫ್ ಮಾಡೋದ್ರಲ್ಲಿ ಏನು ಬಂತು? ಮುಂಚೆ ಗೊತ್ತಾಗ್ಬೇಕು’ ಎಂದು. ಮೀರಾ ಸೌಟು ತೋರಿಸಿದರೆ ಸುಮ್ಮನಾಗುತ್ತಾರೆ.

ಅವರ ನಾಯಿಯ ಹೆಸರು ಗುಂಡ. ಇಲ್ಲಿಯದೇ ಲ್ಯಾಪ್‌ಹುಂಡ್ ಜಾತಿ, ಕಪ್ಪು ಬಣ್ಣ, ಮೈತುಂಬ ಕೂದಲು. ಮಗಳು ಇರಾ ಹಟ ಹಿಡಿದು ತರಿಸಿದ್ದು. ಚಿಕ್ಕಂದಿನಲ್ಲಿ ಕೃಷ್ಣಮೂರ್ತಿಪುರಂ ಬೀದಿಯಲ್ಲಿ ನಾಯಿ ಕಚ್ಚಿಸಿಕೊಂಡು ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡಿದ್ದ ಅನಂತಕೃಷ್ಣರು ಮೊದಲ ವಾರ ಮರಿಯನ್ನು ಮುಟ್ಟಲೂ ಇಲ್ಲ. ಎರಡನೆಯ ವಾರ ಅದು ಅವರ ಕಾಲುಚೀಲದ ಮೇಲೆ ತಲೆಯಿಟ್ಟು ಮಲಗಿತು. ಅಲ್ಲಿಗೆ ಮುಗಿಯಿತು ಕಥೆ! ಮೈಸೂರಿನಿಂದ ಅಮ್ಮ ಫೋನು ಮಾಡಿ, ‘ಹುಚ್ಚುನಾಯಿ ಇಂಜೆಕ್ಷನ್ ಹಾಕ್ಸಿದ್ಯೇನೋ?’ ಎಂದು ಕೇಳಿದಾಗ, ಆ ರೋಗವೇ ಇಲ್ಲದ ದೇಶ ಇದು, ಬೇರೆ ದೇಶಕ್ಕೆ ಕರೆದುಕೊಂಡು ಹೋಗುವುದಿದ್ದರೆ ಮಾತ್ರ ಬೇಕು ಎಂದು ವಿವರಿಸಿದರು. ವಿವರಿಸಿ, ಮರುದಿನ ಹೋಗಿ ಹಾಕಿಸಿಕೊಂಡು ಬಂದರು. ಯಾವುದಾದರೂ ಕಾಲಕ್ಕೆ ಜರ್ಮನಿಗೆ ಹೋಗಬಹುದಲ್ಲ ಎಂದು ಸಮಜಾಯಿಷಿ ಬೇರೆ.

ಆಮೇಲಿನ ವರ್ಷಗಳಲ್ಲಿ ಗುಂಡನ ಆರೈಕೆ ಹೇಗೆ ನಡೆದಿದೆ ಎಂದರೆ, ಅಷ್ಟು ಆರೈಕೆ ನಮಗೆ ಸಿಕ್ಕಿದ್ದರೆ ನಾವೆಲ್ಲ ನೂರು ವರ್ಷ ಬಾಳುತ್ತಿದ್ದೆವು. ಬೇಸಿಗೆಯಲ್ಲಿ ಸರೋವರದ ದಡದ ಹುಲ್ಲಿನಲ್ಲಿ ಸುತ್ತಾಡಿ ಬಂದರೆ ಬಾಗಿಲಲ್ಲೇ ಕೂರಿಸಿ, ಕೂದಲನ್ನು ಎದುರು ದಿಕ್ಕಿಗೆ ಬಿಡಿಸುತ್ತ ಕಿವಿಯ ಹಿಂದೆ, ಕಂಕುಳಲ್ಲಿ, ಬೆರಳುಗಳ ಸಂದಿಯಲ್ಲಿ ಉಣ್ಣೆಹುಳು ಹುಡುಕುತ್ತಾರೆ. ಸಿಕ್ಕಿದರೆ ಪುಟ್ಟ ಕೊಕ್ಕೆಯಿಂದ ತಿರುಗಿಸಿ ಎಳೆಯುತ್ತಾರೆ. ಹಿಂಡಿದರೆ ರೋಗ ಒಳಗೇ ಉಳಿಯುತ್ತದಂತೆ. ನೀರಿನ ಮೇಲೆ ಹಸಿರು ಪಾಚಿಯ ಪದರ ಕಂಡರೆ, ಅದರಲ್ಲಿ ವಿಷವಿರಬಹುದೆಂದು, ಆ ವಾರವಿಡೀ ಸರೋವರದ ಕಡೆ ತಲೆ ಹಾಕುವುದಿಲ್ಲ. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲಿದ ಉಪ್ಪು, ಜಲ್ಲಿಪುಡಿ ಅಂಟಿದ ಪಾದಗಳನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸುತ್ತಾರೆ. ಹಲ್ಲು ಉಜ್ಜುವುದಂತೂ ದಿನಾ. ‘ಇವ್ರ ಹಲ್ಲು ಇವ್ರು ಅಷ್ಟು ಉಜ್ಜಲ್ಲ’ ಎಂದು ಮೀರಾ ಎಲ್ಲರ ಮುಂದೆಯೇ ಹೇಳುತ್ತಾಳೆ. ತಿನ್ನುವ ವಿಚಾರದಲ್ಲಿ ಅವರು ಸಾಕ್ಷಾತ್ ಯಮ. ಈರುಳ್ಳಿ ಇಲ್ಲ, ಚಾಕೊಲೇಟ್ ಇಲ್ಲ, ದ್ರಾಕ್ಷಿ ಇಲ್ಲ, ನಾಯಿಯ ಕಣ್ಣು ನೋಡಿ ಕರಗುವುದು ಇಲ್ಲ. ಅವರ ಆಫೀಸಿನ ಹುಡುಗ ಸಂದೀಪ್ ಒಮ್ಮೆ ಫಿಕಾಗೆ, ಅಂದರೆ ಇಲ್ಲಿಯವರ ಕಾಫಿ ಕೂಟಕ್ಕೆ, ಬಂದು, ಕಾಫಿಯ ಜೊತೆಗಿಟ್ಟಿದ್ದ ಬನ್ನಿನ ಚೂರೊಂದನ್ನು ಗುಂಡನ ಕಡೆಗೆ ಚಾಚಿದ್ದಕ್ಕೆ ಅವನು ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ಮೂತ್ರಪಿಂಡದ ಕುರಿತು ಒಂದು ಉಪನ್ಯಾಸವೇ ಮುಗಿದಿತ್ತು. ಬನ್ನಿನಲ್ಲಿ ಒಣದ್ರಾಕ್ಷಿ ಇತ್ತು ನೋಡಿ, ನಾಯಿಗಳ ಮೂತ್ರಪಿಂಡಕ್ಕೆ ಅದು ವಿಷ.

ಈ ವರ್ಷ ಶ್ರಾವಣದ ಹುಣ್ಣಿಮೆಯ ಹಿಂದೆಮುಂದೆ ಒಂದು ಭಾನುವಾರ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಎಸ್ಕಿಲ್‌ಸ್ಟುನಾದಿಂದ ರಘುನಾಥ ಬಂದಿದ್ದರು. ಅವರೂ ಎಂಜಿನಿಯರೇ, ಆದರೆ ತಂದೆಯಿಂದ ಬಂದ ಮಂತ್ರ ಬಾಯಲ್ಲಿ ಇರುವುದರಿಂದ ಈ ಭಾಗದ ಅಷ್ಟೂ ಮನೆಗಳಿಗೆ ಪುರೋಹಿತರು. ಸಂದೀಪ್ ಸೇರಿದಂತೆ ನೆಂಟರಂತಿರುವ ನಾಲ್ಕಾರು ಮನೆಯವರು ಹಾಲಿನ ತುಂಬ ಕೂತಿದ್ದರು. ಅನಂತಕೃಷ್ಣರು ಉಪವಾಸವಿದ್ದು, ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು ಪೂಜೆಗೆ ಕೂತರು. ಗುಂಡ ಇರಾಳ ಕೋಣೆಯಲ್ಲಿ. ಕಥೆ ಮುಗಿದು, ಮಂಗಳಾರತಿಯಾಗಿ, ಕೋಣೆಯ ಬಾಗಿಲು ತೆರೆದರು. ಮೀರಾ ಎಲ್ಲರಿಗೂ ಕಾಗದದ ಬಟ್ಟಲಲ್ಲಿ ಸಪಾದ ಹಂಚಿದಳು. ಹುರಿದ ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು ಎಲ್ಲ ಒಂದೂಕಾಲು ಪಾಲು ಸೇರಿಸಿ ಮಾಡುವ ಪ್ರಸಾದ. ಮೀರಾಳ ಕೈಯಲ್ಲಿ ಅದಕ್ಕೆ ಗೋಡಂಬಿ ದ್ರಾಕ್ಷಿ ಧಾರಾಳ.

ಆಗ ಯಾರದೋ ಮಗುವಿನ ಕೈಯಿಂದ ಬಟ್ಟಲು ಜಾರಿ ಸಪಾದವೆಲ್ಲ ಚಾಪೆಯ ಮೇಲೆ ಬಿತ್ತು.

ಪ್ರಸಾದ ತುಳಿಯಬಾರದು. ಮೀರಾ ಓಡಿ ಬಂದು ಎರಡೂ ಕೈಯಲ್ಲಿ ಬಳಿದು ಬಟ್ಟಲಿಗೆ ತುಂಬಿದಳು. ತುಂಬಿದ್ದೇನೋ ಸರಿ, ಹಾಕುವುದೆಲ್ಲಿ? ಊರಿನಲ್ಲಾದರೆ ಹಸುವಿಗೆ ಇಡಬಹುದು, ಗಿಡದ ಬುಡಕ್ಕೆ ಹಾಕಬಹುದು. ಇಲ್ಲಿ ಮೂರನೆಯ ಮಹಡಿ. ಅಡುಗೆಮನೆಯಲ್ಲಿ ಉಳಿದ ಅನ್ನ, ಸಿಪ್ಪೆ ಹಾಕುವ ಕಂದು ಕಾಗದದ ಚೀಲವಿದೆ. ಅದರಲ್ಲಿ ಸೇರಿದ್ದೆಲ್ಲ ಅನಿಲವಾಗಿ ಊರಿನ ಬಸ್ಸು ಓಡಿಸುತ್ತದೆ.

“ದೇವರ ಪ್ರಸಾದ ಹಾಕಿ ಬಸ್ ಓಡ್ಸೋದಾ? ಕೊಡಿಲ್ಲಿ” ಎಂದರು ಅನಂತಕೃಷ್ಣರು. ಬಟ್ಟಲು ತೆಗೆದುಕೊಂಡು ಬಾಲ್ಕನಿಗೆ ಹೋದರು. ಗುಂಡನನ್ನು ಕರೆದು, ಸಪಾದವನ್ನು ಅಂಗೈಗೆ ಸುರುವಿಕೊಂಡು ಮುಂದೆ ಹಿಡಿದರು. ಒಂದು ಕ್ಷಣದಲ್ಲಿ ಖಾಲಿ. ಇನ್ನೊಮ್ಮೆ ಸುರುವಿದರು, ಅದೂ ಖಾಲಿ. ತುಪ್ಪದ ಪಸೆ ಇದ್ದ ಬೆರಳುಗಳನ್ನು ಗುಂಡ ನಿಧಾನವಾಗಿ ನೆಕ್ಕುತ್ತಿದ್ದ. ಪುಣ್ಯದ ಕೆಲಸವೊಂದು ಮುಗಿದ ನೆಮ್ಮದಿಯಲ್ಲಿ ಅವರು ಅವನ ತಲೆ ಸವರುತ್ತಿದ್ದರು.

ಇರಾ ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದಳು. ಹದಿನೇಳು ತುಂಬಿದ ಹುಡುಗಿ, ಅಪ್ಪನ ಕನ್ನಡಕ್ಕೆ ಸ್ವೀಡಿಷ್‌ನಲ್ಲೇ ಉತ್ತರ ಕೊಡುವವಳು. ಈಗಲೂ ಅದೇ ಭಾಷೆಯಲ್ಲಿ, ತುಂಬ ಮೆಲ್ಲಗೆ, ಅವನಿಗೆ ಏನು ಕೊಟ್ಟೆ ಎಂದು ಕೇಳಿದಳು.

“ಪ್ರಸಾದ ಕಣೇ.”

“ಅಪ್ಪ. ಅದರಲ್ಲಿ ದ್ರಾಕ್ಷಿ ಇದೆ” ಎಂದಳು, ಆಗಲೂ ಸ್ವೀಡಿಷ್‌ನಲ್ಲೇ.

“ಇಲ್ಲ, ಇದು ಪ್ರಸಾದ...” ಎಂದು ಅನಂತಕೃಷ್ಣರು ಮತ್ತೆ ಹೇಳಿದರು, ಹೇಳುತ್ತ ಬಟ್ಟಲಿನ ಅಂಚಿಗೆ ಅಂಟಿದ್ದ ಒಂದು ಉಬ್ಬಿದ ಕಂದು ದ್ರಾಕ್ಷಿಯನ್ನು ನೋಡಿದರು. ಅವರಿಗೆ ಗೊತ್ತಿರಲಿಲ್ಲವೇ? ಊರಿಗೆಲ್ಲ ಹೇಳಿದವರೇ ಅವರು! ಆದರೆ ಪ್ರಸಾದವೆಂದರೆ ಅವರ ಮನಸ್ಸಿನಲ್ಲಿ ತಿಂಡಿಯೇ ಅಲ್ಲ, ಅದರಲ್ಲಿ ಏನೇನಿದೆ ಎಂದು ಯಾರೂ ಬಿಡಿಸಿ ನೋಡುವುದಿಲ್ಲ. ಕಣ್ಣಿಗೊತ್ತಿಕೊಳ್ಳುವುದು, ತಿನ್ನುವುದು, ಕೈ ತಲೆಗೆ ಒರೆಸಿಕೊಳ್ಳುವುದು. ಐವತ್ತು ವರ್ಷದ ಅಭ್ಯಾಸ ಅದು.

ನೇರವಾಗಿ ಹಾಲಿಗೆ ಬಂದು ನಿಂತರು. “ನಿಜ ಹೇಳಿ, ಯಾರೂ ಸಂಕೋಚ ಪಡ್ಬೇಡಿ. ಗುಂಡನಿಗೆ ಬೇರೆ ಯಾರ್ಯಾರು ಪ್ರಸಾದ ಕೊಟ್ರಿ? ಡಾಕ್ಟರ್‌ಗೆ ಹೇಳ್ಬೇಕು.”

ಸಂದೀಪ್ ತಲೆ ಕೆರೆದುಕೊಂಡ.

“ಸಾರ್, ಸಾರಿ... ಪ್ರಸಾದ ಅಲ್ವಾ, ಓಕೆ ಅನ್ಕೊಂಡು ನಾನೊಂದ್ ಚೂರು ಹಿಡ್ದೆ. ಬಟ್ ಅದು ತಿನ್ಲಿಲ್ಲ. ಮುಖ ತಿರುಗಿಸ್ಕೊಂಡು ಹೋಯ್ತು.”

“ನಾನೂ ಹಿಡ್ದೆ” ಎಂದರು ರಘುನಾಥ. “ಮೂಸೂ ನೋಡ್ಲಿಲ್ಲ ಕಣಯ್ಯ.”

ಮೂಸಿ ನೋಡದಿರುವುದು ಅನಂತಕೃಷ್ಣರು ಕಲಿಸಿದ ಪಾಠ. ಗುಂಡ ಮರಿಯಾಗಿದ್ದಾಗ ಪಾರ್ಕಿನಲ್ಲಿ ಯಾರೋ ಎಸೆದ ಸಾಸೇಜನ್ನು ಕಡ್ಡಿಯ ಸಮೇತ ನುಂಗಿ ಹೆದರಿಸಿದ್ದ. ಅಂದಿನಿಂದ ತಿಂಗಳುಗಟ್ಟಲೆ ಕೂತು ಕಲಿಸಿದ್ದರು: ತನ್ನ ತಟ್ಟೆಯಲ್ಲಿ ಇಟ್ಟದ್ದನ್ನು ತಿನ್ನಬೇಕು, ಇಲ್ಲವೇ ಅನಂತಕೃಷ್ಣರ ಅಂಗೈಯಿಂದ ತಿನ್ನಬೇಕು. ನೆಲದ್ದಲ್ಲ, ಬೀದಿಯದ್ದಲ್ಲ, ಅತಿಥಿಗಳದ್ದಲ್ಲ. ಇರಾ ಕೊಟ್ಟರೂ ಇಲ್ಲ, ಮೀರಾ ಕೊಟ್ಟರೂ ಇಲ್ಲ. ನನ್ನ ನಾಯಿಗೆ ಯಾರೂ ವಿಷ ಹಾಕೋಕ್ಕಾಗಲ್ಲ ಎಂದು ಅವರು ಎದೆ ತಟ್ಟಿಕೊಂಡು ಹೇಳುತ್ತಿದ್ದರು. ಹಾಗೇ ಆಗಿತ್ತು. ಮನೆ ತುಂಬ ಜನ ಕೈ ಚಾಚಿದರೂ ಯಾರಿಂದಲೂ ಒಂದು ಕಾಳು ಮುಟ್ಟದವನು, ಅವರ ಕೈಯಿಂದ ಎರಡು ಹಿಡಿ ತಿಂದಿದ್ದ.

“ಮೀರಾ, ಕಾರ್ ಕೀ” ಎಂದರು.

“ಏ ಅನಂತು, ತಡ್ಕೊ” ಎಂದರು ರಘುನಾಥ ಎದ್ದು ನಿಂತು. “ನೋಡು ಅದನ್ನ. ಬಾಲ ಅಲ್ಲಾಡಿಸ್ತಾ ಇದೆ, ಚೆನ್ನಾಗೇ ಇದೆ! ನೀನು ಕರ್ತೃ, ಇನ್ನೂ ಪ್ರಸಾದ ಬಾಯಿಗೆ ಹಾಕಿಲ್ಲ. ಎಲೆ ಹಾಕ್ತಾ ಇದಾರೆ. ಪ್ರಸಾದ ಬಿಟ್ಟು ಎದ್ದು ಓಡಿದೋರಿಗೆ ಏನಾಯ್ತು ಅಂತ ಕಥೇಲಿ ಈಗ್ತಾನೆ ಓದಿದೀನಿ. ಊಟ ಮುಗ್ಸು, ಸಂಜೆ ತನಕ ನೋಡು, ವಾಂತಿಗೀಂತಿ ಆದ್ರೆ ಹೊರಡು.”

ರಘುನಾಥರದು ಕೆಟ್ಟ ಬುದ್ಧಿಯಲ್ಲ, ಭಯ. ಆ ಭಯ ಅನಂತಕೃಷ್ಣರಿಗೂ ಇತ್ತು. ಪೂಜೆಯಿಂದ ಎದ್ದು ಹೋಗುವುದೆಂದರೆ ಅವರ ಮೈಯೆಲ್ಲ ಬೇಡ ಎನ್ನುತ್ತಿತ್ತು. ಆದರೆ ಕೆಲಸದ ವಿಷಯಕ್ಕೆ ಬಂದರೆ ಈ ಮನುಷ್ಯನ ತಲೆ ಒಂದೇ ದಾರಿಯಲ್ಲಿ ಓಡುತ್ತದೆ, ಅದೃಷ್ಟಕ್ಕೆ ಅಂದೂ ಅದೇ ದಾರಿ ಹಿಡಿಯಿತು.

“ರಘು, ಲೈನ್ ಸುಟ್ಟ ಮೇಲೆ ಟ್ರಿಪ್ ಆಗೋ ರಿಲೇನ ನೀನು ದುಡ್ಡು ಕೊಟ್ಟು ತಗೋತೀಯಾ? ಈಗ ಚೆನ್ನಾಗಿದಾನೆ ಅಂತಲೇ ಈಗ ಹೋಗ್ಬೇಕು. ವಾಂತಿ ಆಗೋ ಹೊತ್ತಿಗೆ ಕಿಡ್ನಿ ಹೋಗಿರತ್ತೆ. ದೇವ್ರ ಹತ್ರ ನಾನು ಮಾತಾಡ್ಕೋತೀನಿ. ನೀವೆಲ್ಲ ಊಟ ಮಾಡಿ.”

ಪಂಚೆ ಬದಲಿಸಲಿಲ್ಲ. ಶಲ್ಯವನ್ನು ಸೊಂಟಕ್ಕೆ ಸುತ್ತಿ ಗುಂಡನನ್ನು ಎತ್ತಿಕೊಂಡು ಇಳಿದೇಬಿಟ್ಟರು. ಇರಾ ಮುಂದೆ ಓಡಿ ಲಿಫ್ಟಿನ ಬಾಗಿಲು ಹಿಡಿದಳು. ದಾರಿಯುದ್ದಕ್ಕೂ ಅವಳು ಹಿಂದಿನ ಸೀಟಿನಲ್ಲಿ ಗುಂಡನನ್ನು ತಬ್ಬಿಕೊಂಡು ಆಸ್ಪತ್ರೆಗೆ ಫೋನು ಮಾಡಿ ಬರುತ್ತಿದ್ದೇವೆ ಎಂದು ತಿಳಿಸಿದಳು. ಗುಂಡನಿಗೋ ಎಲ್ಲಿಗೋ ತಿರುಗಾಟಕ್ಕೆ ಹೊರಟ ಸಂಭ್ರಮ, ಕಿಟಕಿಗೆ ಮೂಗು ಒತ್ತಿ ನಿಂತಿದ್ದ.

ಭಾನುವಾರವೂ ತೆರೆದಿರುವ ಪ್ರಾಣಿಗಳ ಆಸ್ಪತ್ರೆ ಅದು. ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದವರೆಲ್ಲ, ಹಣೆಗೆ ಗಂಧ, ಮೈಗೆ ರೇಷ್ಮೆ, ತೋಳಿನಲ್ಲಿ ಕರಿನಾಯಿ ಹೊತ್ತ ಬೋಳುತಲೆಯ ಮನುಷ್ಯನನ್ನು ನೋಡಿ ಸರಿದು ಜಾಗ ಬಿಟ್ಟರು. ಒಬ್ಬರೂ ಏನೂ ಕೇಳಲಿಲ್ಲ. ಈ ದೇಶದವರ ಈ ಗುಣಕ್ಕೆ ಅನಂತಕೃಷ್ಣರು ಅಂದು ಮನಸ್ಸಿನಲ್ಲೇ ಕೈ ಮುಗಿದರು.

ವೈದ್ಯೆ ಚಿಕ್ಕ ವಯಸ್ಸಿನವರು. ಏನು ತಿಂದ, ಎಷ್ಟು ತಿಂದ, ಯಾವಾಗ ತಿಂದ ಎಂದು ಕೇಳಿದರು. ಸ್ವಲ್ಪ ಎಂದುಬಿಡಬಹುದಿತ್ತು, ನೆಲಕ್ಕೆ ಬಿದ್ದದ್ದನ್ನು ತಿಂದ ಎನ್ನಬಹುದಿತ್ತು. ಅನಂತಕೃಷ್ಣರು ಅಂಗೈ ಗುಳಿ ಮಾಡಿ ತೋರಿಸಿದರು.

“ಇಷ್ಟು, ಎರಡು ಸಲ. ಬಹಳ ದ್ರಾಕ್ಷಿ ಇತ್ತು. ನಾನೇ ತಿನ್ನಿಸಿದೆ” ಎಂದು ಸ್ವೀಡಿಷ್‌ನಲ್ಲಿ ಹೇಳಿದರು.

ವೈದ್ಯೆ ಬೈಯಲಿಲ್ಲ. “ಬೇಗ ಬಂದಿದ್ದೀರಿ, ಅದೇ ಮುಖ್ಯ. ಎಷ್ಟು ತಿಂದರೆ ಏನಾಗುತ್ತದೆ ಎಂದು ಯಾರೂ ಹೇಳಲಾರರು. ಕೆಲವು ನಾಯಿಗಳಿಗೆ ಏನೂ ಆಗುವುದಿಲ್ಲ. ಕೆಲವಕ್ಕೆ ಸ್ವಲ್ಪವೇ ಸಾಕು, ಮೂತ್ರಪಿಂಡ ನಿಂತುಬಿಡುತ್ತದೆ. ಕಾದು ನೋಡುವ ಆಟ ಇದಲ್ಲ” ಎಂದು ಹೇಳಿ ವಾಂತಿ ಮಾಡಿಸುವ ಸೂಜಿಮದ್ದು ಕೊಟ್ಟರು.

ಸ್ವಲ್ಪ ಹೊತ್ತಿನಲ್ಲೇ ಗುಂಡನ ಬಾಲ ಇಳಿಯಿತು. ಬಾಯಲ್ಲಿ ಜೊಲ್ಲು ಸುರಿಯಿತು. ಕಾಲು ಸೋತು ನೆಲಕ್ಕೆ ಕುಸಿದು, ಹೊಟ್ಟೆ ಹಿಂಡಿ ಹಿಂಡಿ ಕಕ್ಕತೊಡಗಿದ. ರವೆ ಬಂತು, ಬಾಳೆಹಣ್ಣು ಬಂತು, ಆಮೇಲೆ ಅಗಿಯದೆ ನುಂಗಿದ್ದ ದ್ರಾಕ್ಷಿಗಳು ಇಡಿಇಡಿಯಾಗಿ ಬಂದವು. ಪ್ರತಿಸಲ ಕಕ್ಕುವ ಮೊದಲು ಅವನು ತಲೆಯೆತ್ತಿ ಅನಂತಕೃಷ್ಣರನ್ನು ನೋಡುತ್ತಿದ್ದ, ಇದೇನಾಗುತ್ತಿದೆ, ನೀನು ಇದ್ದೀಯಲ್ಲ ಎನ್ನುವ ಹಾಗೆ. ಅವರು ಪಂಚೆ ಮಡಿಚಿ ನೆಲದ ಮೇಲೆಯೇ ಕೂತು ಅವನ ತಲೆ ಹಿಡಿದುಕೊಂಡರು. ರೇಷ್ಮೆಯ ಮೇಲೆ ಏನು ಬಿತ್ತು ಏನಿಲ್ಲ ನೋಡಲಿಲ್ಲ. ಮಗಳ ಎದುರು, ದಾದಿಯ ಎದುರು ಗಳಗಳ ಅತ್ತುಬಿಟ್ಟರು. ಇರಾ ಪಕ್ಕದಲ್ಲಿ ಕೂತು ಅಪ್ಪನ ಬೆನ್ನಿನ ಮೇಲೆ ಕೈಯಿಟ್ಟಳು.

“ಅಳ್ಬೇಡ ಅಪ್ಪ. ಎಲ್ಲಾ ಹೊರಗೆ ಬಂತು” ಎಂದಳು. ಅಂದು ಅವಳ ಬಾಯಿಂದ ಬಂದ ಮೊದಲ ಕನ್ನಡ ಅದು.

ಎಲ್ಲ ಬಂದಿದೆಯೋ ಇಲ್ಲವೋ ಹೇಳುವವರು ಯಾರು? ಇದ್ದಿಲಿನ ಮದ್ದು ಕುಡಿಸಿದರು, ಮುಂಗಾಲಿನ ಕೂದಲು ಬೋಳಿಸಿ ಡ್ರಿಪ್ ಹಾಕಿದರು. ಕೆಲವು ದಿನ ಇಲ್ಲೇ ಇರಲಿ, ದಿನಾ ರಕ್ತ ಪರೀಕ್ಷೆ ಮಾಡುತ್ತೇವೆ, ಮೂತ್ರಪಿಂಡ ಸರಿಯಿದೆಯೆಂದು ಖಾತ್ರಿಯಾದ ಮೇಲೆ ಕರೆದುಕೊಂಡು ಹೋಗಿ ಎಂದರು ವೈದ್ಯೆ. ಅಪ್ಪ ಮಗಳು ಬರಿಗೈಯಲ್ಲಿ ಮನೆಗೆ ಬಂದರು.

ಮನೆಯಲ್ಲಿ ಮಕ್ಕಳಿಗೆ ಊಟ ಹಾಕಿದ್ದರು. ದೊಡ್ಡವರು ಯಾರೂ ಎಲೆಯ ಮುಂದೆ ಕೂತಿರಲಿಲ್ಲ. ಅಷ್ಟು ಹೊತ್ತು ಬಡಬಡಿಸುತ್ತಿದ್ದ ರಘುನಾಥರು ಬಾಗಿಲಲ್ಲೇ ಎದುರಾಗಿ, “ಹೇಗಿದಾನೋ?” ಎಂದರು. ಆಸ್ಪತ್ರೆಗೆ ಹೊರಡುವ ತನಕ ಅವರಿಗೆ ಗುಂಡ ‘ಅದು’ ಆಗಿದ್ದ.

ಅನಂತಕೃಷ್ಣರು ಎಲ್ಲವನ್ನೂ ಹೇಳಿದರು. ಎಲ್ಲರ ಜೊತೆ ಎಲೆಯ ಮುಂದೆ ಕೂತರು, ಎರಡು ತುತ್ತು ಅನ್ನ ನುಂಗಿದರು. ಮೀರಾ ಸಪಾದದ ಬಟ್ಟಲು ಮುಂದಿಟ್ಟಳು.

“ಈಗ ಇಳಿಯಲ್ಲ ಮೀರಾ. ಅವನ ರಿಪೋರ್ಟ್ ಬರ್ಲಿ. ಎತ್ತಿಡು” ಎಂದರು. “ಎತ್ತಿಡಮ್ಮ” ಎಂದರು ರಘುನಾಥರೂ.

ಮಾರನೆಯ ದಿನದಿಂದ ಆಸ್ಪತ್ರೆ ಮತ್ತು ಆಫೀಸಿನ ನಡುವೆ ಓಡಾಟ. ಸುಮ್ಮನೆ ಕೂತು ಕೊರಗುವ ಜಾತಿಯಲ್ಲ ಅವರದು. ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ತಾವೇ ಬರೆದರು: ನಮ್ಮ ಮನೆ ಪ್ರಸಾದದ ದ್ರಾಕ್ಷಿಯನ್ನು ಗುಂಡನಿಗೆ ನಾನೇ ತಿನ್ನಿಸಿದ್ದೇನೆ, ನೀವು ಯಾರೂ ತಿನ್ನಿಸಬೇಡಿ, ಸಪಾದ, ಕೇಸರಿಬಾತು, ಪಾಯಸ ಎಲ್ಲದರಲ್ಲೂ ಇರುತ್ತದೆ, ದೇವರ ಮುಂದೆ ಇಟ್ಟ ಮಾತ್ರಕ್ಕೆ ನಾಯಿಯ ಹೊಟ್ಟೆಗೆ ಅದು ಬೇರೆ ಆಗುವುದಿಲ್ಲ. ಬರೆದದ್ದನ್ನು ಓದಿ ಮೀರಾ, “ನಿಮ್ಮ ಹೆಸರು ಹಾಕ್ಲೇಬೇಕಿತ್ತಾ?” ಎಂದಳು. “ಮತ್ತೆ ಯಾರ ಹೆಸ್ರು ಹಾಕ್ಲಿ? ಹೆಸ್ರಿಲ್ಲದ ಮಾತು ಯಾರು ಕೇಳ್ತಾರೆ?” ಎಂದರು. ಹೇಳಿದ ಧಾಟಿಯಲ್ಲಿ ಹಳೆಯ ಒರಟುತನ ಮರಳಿ ಬಂದಿದ್ದನ್ನು ಕಂಡು ಮೀರಾಗೆ ಸಮಾಧಾನವಾಯಿತು.

ಕೊನೆಯ ಪರೀಕ್ಷೆಯ ಫಲಿತಾಂಶ ಹೇಳಲು ವೈದ್ಯೆಯೇ ಫೋನು ಮಾಡಿದರು. ಮೂತ್ರಪಿಂಡ ಚೆನ್ನಾಗಿದೆ, ಮೊದಲ ದಿನ ಹೇಗಿತ್ತೋ ಹಾಗೆಯೇ ಇದೆ. ನಾಯಿಯ ಹಲ್ಲು ಇಷ್ಟು ಶುಭ್ರವಾಗಿರುವುದನ್ನು ನಾವು ನೋಡುವುದು ಕಡಿಮೆ ಎಂದೂ ಸೇರಿಸಿದರು. ಅನಂತಕೃಷ್ಣರು ಫೋನು ಇಟ್ಟು, ಫ್ರಿಜ್ಜಿನಿಂದ ಸಪಾದದ ಡಬ್ಬಿ ತೆಗೆದು, ನಿಂತಲ್ಲೇ ಕಣ್ಣಿಗೊತ್ತಿಕೊಂಡು ತಿಂದರು. ಎಲ್ಲವನ್ನೂ ತಿಂದು ಸೋಪು ಹಾಕಿ ಮೊಣಕೈ ತನಕ ಕೈ ತೊಳೆದರು.

“ಮುಂದಿನ ವರ್ಷದಿಂದ ಸಪಾದಕ್ಕೆ ದ್ರಾಕ್ಷಿ ಹಾಕಲ್ಲ ಬಿಡಿ” ಎಂದಳು ಮೀರಾ.

“ಹಾಕು. ದ್ರಾಕ್ಷಿ ಏನು ಮಾಡ್ತು? ನೋಡ್ದೆ ಕೊಟ್ಟಿದ್ದು ನಾನು.”

ಸಂಜೆ ಗುಂಡ ಮನೆಗೆ ಬಂದ. ಬೋಳಿಸಿದ ಮುಂಗಾಲು, ಸ್ವಲ್ಪ ಇಳಿದ ಮೈ, ಬಾಲ ಮಾತ್ರ ಮೊದಲಿನದೇ. ಆಸ್ಪತ್ರೆಯವರು ಕೊಟ್ಟಿದ್ದ ಮೆತ್ತನೆಯ ಆಹಾರವನ್ನು ಇರಾ ಅವನ ತಟ್ಟೆಗೆ ಹಾಕಿಟ್ಟಳು. ಗುಂಡ ತಟ್ಟೆಯ ಹತ್ತಿರ ಹೋದ, ಸುಮ್ಮನೆ ನಿಂತ, ವಾಪಸು ಬಂದು ಅನಂತಕೃಷ್ಣರ ಎದುರು ಕೂತ. ಅವರ ಅಂಗೈಯಿಂದಲೇ ಬೇಕು ಎನ್ನುತ್ತಿದ್ದಾನೆಂದು ಎಲ್ಲರಿಗೂ ಅರ್ಥವಾಯಿತು.

ಅನಂತಕೃಷ್ಣರು ಆಹಾರದ ಡಬ್ಬಿಯನ್ನು ಕೈಗೆತ್ತಿಕೊಂಡು, ಕನ್ನಡಕ ಹಾಕಿಕೊಂಡು, ಅದರ ಮೇಲಿದ್ದ ಪ್ರತಿಯೊಂದು ಪದವನ್ನೂ ಓದಿದರು. ಬೆರಳಿನಿಂದ ಕೆದಕಿ ನೋಡಿದರು. ಒಂದಿಷ್ಟನ್ನು ಅಂಗೈಗೆ ತೆಗೆದುಕೊಂಡು ನೆಲದ ಮೇಲೆ ಕೂತು ಮುಂದೆ ಹಿಡಿದರು. ಗುಂಡ ಸಟ್ಟನೆ ಮುಸುಡಿಯನ್ನು ಅದರೊಳಗೆ ಹುದುಗಿಸಿ ತಿನ್ನತೊಡಗಿದ.

“ಒಂದ್ಸಲ ಮೂಸಿಯಾದ್ರೂ ನೋಡೋ, ಮಹರಾಯ” ಎಂದರು ಅನಂತಕೃಷ್ಣರು. “ಮೂಸಿಯಾದ್ರೂ ನೋಡ್ಬಾರ್ದೇನೋ.”

ಗುಂಡ ತಲೆಯೆತ್ತಲಿಲ್ಲ. ಅವನು ತಿಂದು ಮುಗಿಸುವ ತನಕ ಅವರು ಕೈ ಚಾಚಿಕೊಂಡೇ ಕೂತಿದ್ದರು.